ಆಂಬುಲೆನ್ಸಿನೊಳಗಣ ಮನುಷ್ಯ: ಪ್ಯಾರಾಮೆಡಿಕ್ ಶಿಕ್ಷಣದ ಒಂದು ಪರಿಚಯ

ಈ ಶಾಲೆಯ ಬಾಗಿಲು ತೆರೆದ ಕಾಲದಲ್ಲಿ ನಮ್ಮ ಕಾಸರಗೋಡಿನ ಒಳನಾಡುಗಳಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದೆಂದರೆ ಒಂದು ಮರದ ಕುರ್ಚಿ, ಎರಡು ಬಿದಿರು ಹಾಗೂ ನಾಲ್ಕು ಹೆಗಲುಗಳ ಕೆಲಸವಾಗಿತ್ತು. ಗುಡ್ಡ ಇಳಿದು, ತೋಡಿನ ಮೇಲಣ ಅಡಿಕೆ ಮರದ ಸಂಕ ದಾಟಿ, ಜೀಪು ಬರುವ ರಸ್ತೆಗೆ ಮುಟ್ಟಿಸುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ಇಂದು ರಸ್ತೆ ಬಹುತೇಕ ಅಂಗಳದವರೆಗೂ ಬಂದಿದೆ. 108 ಎಂಬ ಮೂರು ಅಂಕೆಗಳನ್ನು ಒತ್ತಿದರೆ ದೀಪ ಮಿನುಗಿಸುತ್ತ ವಾಹನವೂ ಬರುತ್ತದೆ. ಆದರೆ ವಾಹನ ಬಂದ ಮಾತ್ರಕ್ಕೆ ಚಿಕಿತ್ಸೆಯೂ ಬಂದಂತಾಯಿತೆ? ಅದು ಆ ವಾಹನದ ಹಿಂಭಾಗದಲ್ಲಿ ರೋಗಿಯ ಪಕ್ಕದಲ್ಲಿ ಕುಳಿತ ಮನುಷ್ಯನಿಗೆ ಏನು ಗೊತ್ತಿದೆ ಎಂಬುದನ್ನು ಅವಲಂಬಿಸಿದೆ. ಆ ಮನುಷ್ಯನನ್ನು ಸಿದ್ಧಪಡಿಸುವ ಶಿಕ್ಷಣ ಎಂತಹುದು, ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ಅದು ನಿಲುಕುವುದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಮೊದಲಿಗೆ ಶಬ್ದದ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಪ್ಯಾರಾಮೆಡಿಕಲ್ ಎಂದರೆ ರಕ್ತ ಪರೀಕ್ಷಿಸುವವರು, ಎಕ್ಸ್‌ರೇ ತೆಗೆಯುವವರು, ಶಸ್ತ್ರಚಿಕಿತ್ಸಾ ಕೊಠಡಿಯ ಸಹಾಯಕರು ಹೀಗೆ ವೈದ್ಯರೂ ದಾದಿಯರೂ ಅಲ್ಲದ ಆಸ್ಪತ್ರೆಯ ಪರಿವಾರವೆಲ್ಲ ಎಂಬ ಅರ್ಥ ರೂಢಿಯಲ್ಲಿದೆ. ಕನ್ನಡದ ‘ಅರೆವೈದ್ಯಕೀಯ’ ಎಂಬ ಪದವೂ ಈ ಅರ್ಥದ್ದೇ. ಅದರಲ್ಲಿರುವ ‘ಅರೆ’ ಎಂಬುದು ಅರ್ಧಮರ್ಧ ಜ್ಞಾನದ ಧ್ವನಿ ಹೊರಡಿಸುವುದರಿಂದ ಈ ಲೇಖಕನಿಗೆ ಆ ಪದ ರುಚಿಸುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಪ್ಯಾರಾಮೆಡಿಕ್ ಎಂದರೆ ಆಸ್ಪತ್ರೆಯ ಹೊರಗೆ, ರಸ್ತೆಯಲ್ಲೋ ಮನೆಯಲ್ಲೋ, ತುರ್ತು ಚಿಕಿತ್ಸೆ ನೀಡುವ ತರಬೇತಾದ ವ್ಯಕ್ತಿ. ನಮ್ಮಲ್ಲಿ ಆತನನ್ನು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ ಎಂದು ಕರೆಯುತ್ತಾರೆ. ಇಲ್ಲಿ ಪ್ಯಾರಾಮೆಡಿಕ್ ಎಂಬ ಪದವನ್ನು ಈ ಎರಡನೆಯ ಅರ್ಥದಲ್ಲಿಯೇ ಬಳಸಲಾಗಿದೆ.

ಈ ವೃತ್ತಿಯ ಇತಿಹಾಸದಲ್ಲಿ ನಮ್ಮಂಥ ಊರಿನವರು ಅವಶ್ಯ ತಿಳಿಯಬೇಕಾದ ಒಂದು ಅಧ್ಯಾಯವಿದೆ. 1960ರ ದಶಕದವರೆಗೆ ಅಮೆರಿಕದ ಅನೇಕ ನಗರಗಳಲ್ಲಿಯೂ ಆಂಬುಲೆನ್ಸ್ ಎಂದರೆ ಬರಿಯ ಸಾಗಾಟ. ಎಷ್ಟೋ ಕಡೆ ಶವಸಂಸ್ಕಾರದ ವ್ಯವಸ್ಥೆ ಮಾಡುವವರೇ ತಮ್ಮ ವಾಹನದಲ್ಲಿ ರೋಗಿಗಳನ್ನೂ ಒಯ್ಯುತ್ತಿದ್ದರು. ಪಿಟ್ಸ್‌ಬರ್ಗ್ ನಗರದಲ್ಲಿ ಆ ಕೆಲಸ ಪೊಲೀಸ್ ವ್ಯಾನಿನದಾಗಿತ್ತು. ಆ ನಗರದಲ್ಲಿದ್ದ ಅರಿವಳಿಕೆ ತಜ್ಞ ಪೀಟರ್ ಸೇಫರ್, ನಿಂತ ಉಸಿರನ್ನು ಬಾಯಿಯಿಂದ ಬಾಯಿಗೆ ಗಾಳಿಯೂದಿ ಉಳಿಸುವ ವಿಧಾನವನ್ನು ಶಾಸ್ತ್ರೀಯವಾಗಿ ಸಿದ್ಧಪಡಿಸಿದವರಲ್ಲಿ ಅಗ್ರಗಣ್ಯರು. 1966ರಲ್ಲಿ ಅವರ ಸ್ವಂತ ಮಗಳೇ ಅಸ್ತಮಾದಿಂದ ತೀರಿಕೊಂಡಳು. ಮರುವರ್ಷ, 1967ರಲ್ಲಿ, ಅವರು ಫ್ರೀಡಂ ಹೌಸ್ ಎಂಬ ಸಂಸ್ಥೆಯೊಡನೆ ಸೇರಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡ ಕೇರಿಯ ನಿರುದ್ಯೋಗಿ ಯುವಕರನ್ನು ಆರಿಸಿಕೊಂಡರು. ಅವರಲ್ಲಿ ಹಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ಅವರಿಗೆ ಸುಮಾರು 300 ಗಂಟೆಗಳ ಕಾಲ ದೇಹರಚನೆ, ಉಸಿರಾಟ, ಹೃದಯ, ಗಾಯಗಳ ಆರೈಕೆ ಎಲ್ಲವನ್ನೂ ಕಲಿಸಲಾಯಿತು. ಮುಂದೆ ನ್ಯಾನ್ಸಿ ಕ್ಯಾರೊಲೈನ್ ಎಂಬ ತರುಣ ವೈದ್ಯೆ ಅವರ ಮಾರ್ಗದರ್ಶಕಿಯಾಗಿ, ಅವರೊಡನೆ ವಾಹನದಲ್ಲಿಯೇ ಸಂಚರಿಸಿ ಕಲಿಸಿದರು. ಆಕೆ ಬರೆದ ಪಠ್ಯಪುಸ್ತಕ ಪ್ಯಾರಾಮೆಡಿಕ್ ಶಿಕ್ಷಣಕ್ಕೆ ಬಹುಕಾಲ ಆಧಾರಗ್ರಂಥವಾಗಿತ್ತು. 1975ರಲ್ಲಿ ನಗರಾಡಳಿತವು ಸ್ವಂತ ಆಂಬುಲೆನ್ಸ್ ಸೇವೆ ಆರಂಭಿಸಿದಾಗ ಫ್ರೀಡಂ ಹೌಸ್ ಸೇವೆಯನ್ನು ನಿಲ್ಲಿಸಲಾಯಿತು. ಸಂಸ್ಥೆ ಹೋದರೂ ಅದು ತೋರಿಸಿಕೊಟ್ಟ ಸಂಗತಿ ಉಳಿಯಿತು: ಕೇರಿಯ ಭಾಷೆ, ಓಣಿ, ಜನ ಎಲ್ಲವನ್ನೂ ಬಲ್ಲ ಸ್ಥಳೀಯ ಯುವಕರನ್ನು ಚೆನ್ನಾಗಿ ತರಬೇತುಗೊಳಿಸಿದರೆ, ವೈದ್ಯರು ತಲುಪಲಾಗದ ಜಾಗದಲ್ಲಿ ಅವರು ಜೀವ ಉಳಿಸಬಲ್ಲರು.

ನಮ್ಮ ದೇಶದಲ್ಲಿ 108ರ ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಮೊದಲಾಯಿತು. ತಮಿಳುನಾಡಿಗೆ 2008ರ ಸೆಪ್ಟೆಂಬರಿನಲ್ಲಿಯೂ ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಅದೇ ವರ್ಷದ ನವೆಂಬರ್ 1ರಂದೂ ಬಂದಿತು. ಕೇರಳದಲ್ಲಿ 2010ರಲ್ಲಿ ತಿರುವನಂತಪುರದಲ್ಲಿ ಆರಂಭಗೊಂಡರೂ ‘ಕನಿವ್’ ಎಂಬ ಹೆಸರಿನಿಂದ ರಾಜ್ಯವನ್ನೆಲ್ಲ ವ್ಯಾಪಿಸಿದ್ದು 2019ರಲ್ಲಿ. ವಾಹನ ಎಲ್ಲೆಡೆ ಒಂದೇ ತೆರನಾಗಿ ಕಂಡರೂ ಒಳಗಿರುವ ವ್ಯಕ್ತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಬಂಧುಗಳು 108ಕ್ಕೆ ಕರೆ ಮಾಡಿದರೆ ಬರುವುದು 2014ರಲ್ಲಿ ಆರಂಭವಾದ ಮಹಾರಾಷ್ಟ್ರದ ಸೇವೆ; ಅದನ್ನು ರೂಪಿಸಿದ್ದೇ ವಾಹನದಲ್ಲಿ ವೈದ್ಯರಿರಬೇಕೆಂಬ ಕಲ್ಪನೆಯಿಂದ. ಕೇರಳದಲ್ಲಿ ಹೆಚ್ಚಾಗಿ ನರ್ಸಿಂಗ್ ಓದಿದವರನ್ನೇ ತೆಗೆದುಕೊಳ್ಳುತ್ತಾರೆ. ತಮಿಳುನಾಡಿನಲ್ಲಿ ನರ್ಸಿಂಗ್ ಮಾತ್ರವಲ್ಲದೆ ಪ್ರಾಣಿಶಾಸ್ತ್ರ, ಜೀವರಸಾಯನದಂತಹ ವಿಷಯಗಳ ಪದವೀಧರರನ್ನೂ ಆಯ್ದು, ಕೆಲವು ವಾರಗಳ ವಿಶೇಷ ತರಬೇತಿ ಕೊಟ್ಟು ಕಳಿಸುವ ಪದ್ಧತಿಯಿದೆ. ಯಾವ ಪದ್ಧತಿ ಮೇಲು ಎಂಬ ವಾದ ಮುಗಿದಿಲ್ಲ. ಆದರೆ ವೈದ್ಯನಾಗಲಿ ದಾದಿಯಾಗಲಿ, ವಾರ್ಡಿನಲ್ಲಿ ಕಲಿತದ್ದು ರಸ್ತೆಬದಿಯ ಚರಂಡಿಯಲ್ಲಿ ಬಿದ್ದ ಗಾಯಾಳುವಿಗೆ ಹಾಗೆಯೇ ಅನ್ವಯಿಸುವುದಿಲ್ಲವೆಂಬುದನ್ನು ಮಾತ್ರ ಬಲ್ಲವರೆಲ್ಲ ಒಪ್ಪುತ್ತಾರೆ. ರಸ್ತೆಯ ವೈದ್ಯಕೀಯವನ್ನು ಪ್ರತ್ಯೇಕವಾಗಿಯೇ ಕಲಿಯಬೇಕು.

ಹಾಗಾದರೆ ಕಲಿಸುವುದೇನು?

ಮೊದಲನೆಯ ಪಾಠ ರೋಗಿಯದಲ್ಲ, ಸ್ಥಳದ್ದು. ಮುಟ್ಟುವ ಮೊದಲು ನೋಡು ಎಂಬುದು ಅದರ ಸಾರ. ನಮ್ಮ ತೋಟಗಳಲ್ಲಿ ಅಲ್ಯುಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿ ಸಂಭವಿಸುವ ಅವಘಡಗಳನ್ನು ತಿಳಿಯದವರು ಯಾರಿದ್ದಾರೆ? ಬಿದ್ದವನನ್ನು ಎತ್ತಲು ಓಡಿದವನೂ ಅದೇ ತಂತಿಗೆ ಬಲಿಯಾಗುವುದುಂಟು. ಬಾವಿಯ ಹೂಳೆತ್ತಲು ಇಳಿದವನು ಪ್ರಾಣವಾಯುವಿಲ್ಲದೆ ಕುಸಿದಾಗ ಅವನನ್ನು ತರಲೆಂದು ಎರಡನೆಯವನು, ಎರಡನೆಯವನಿಗಾಗಿ ಮೂರನೆಯವನು ಇಳಿಯುವುದು ನಮ್ಮ ಪತ್ರಿಕೆಗಳಿಗೆ ಹೊಸ ಸುದ್ದಿಯಲ್ಲ. ವಿದ್ಯುತ್ ಕಡಿದಿದೆಯೆಂದು ಖಚಿತವಾಗುವ ತನಕ ಮುಟ್ಟಕೂಡದು, ಉಸಿರಾಟದ ಸಲಕರಣೆಯಿರುವ ಅಗ್ನಿಶಾಮಕ ದಳದವರು ಬರುವ ತನಕ ಬಾವಿಗೆ ಇಳಿಯಕೂಡದು ಎಂದು ಕಲಿಯುವುದು ಸುಲಭ. ಸುತ್ತ ನೂರು ಮಂದಿ ಕೂಗಾಡುತ್ತಿರುವಾಗ ಹಾಗೆ ನಿಲ್ಲುವುದು ಕಷ್ಟ. ತರಬೇತಿಯ ಬಹುಭಾಗ ಈ ಕಷ್ಟವನ್ನು ಅಭ್ಯಾಸ ಮಾಡಿಸುವುದಕ್ಕೇ ಮೀಸಲು.

ಎರಡನೆಯದು ಅನುಕ್ರಮ. ಗಾಯಾಳುವಿನ ಮುರಿದ ಕಾಲು ಕಣ್ಣಿಗೆ ಹೊಡೆಯುತ್ತದೆ, ರಕ್ತ ಹೆದರಿಸುತ್ತದೆ. ಆದರೆ ಕೊಲ್ಲುವುದು ಅನೇಕ ಬಾರಿ ಸದ್ದಿಲ್ಲದೆ ಮುಚ್ಚಿಹೋದ ಶ್ವಾಸನಾಳ. ಆದ್ದರಿಂದ ಚಿಮ್ಮುವ ರಕ್ತಸ್ರಾವವಿದ್ದರೆ ತಕ್ಷಣ ಒತ್ತಿ ಹಿಡಿದು, ಆಮೇಲೆ ಗಾಳಿಯ ದಾರಿ, ಉಸಿರಾಟ, ರಕ್ತಸಂಚಾರ, ಪ್ರಜ್ಞೆ, ಕೊನೆಗೆ ಮೈಯೆಲ್ಲ ಎಂಬ ಕ್ರಮದಲ್ಲಿ ನೋಡಬೇಕೆಂದು ಕಲಿಸುತ್ತಾರೆ. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವನ ನಾಲಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ; ಹಣೆಯನ್ನು ಹಿಂದಕ್ಕೆ ವಾಲಿಸಿ ಗಲ್ಲವನ್ನು ಮೇಲೆತ್ತಿದರೆ ದಾರಿ ತೆರೆಯುತ್ತದೆ. ಇಷ್ಟು ಸರಳ ಕ್ರಿಯೆಯಿಂದ ಉಳಿಯಬಹುದಾದ ಜೀವಗಳು ಕಾರಿನ ಹಿಂದಿನ ಸೀಟಿನಲ್ಲಿ ಕತ್ತು ಬಗ್ಗಿಸಿ ಕೂರಿಸಿದ್ದರಿಂದ ಹೋಗಿವೆ. ಕತ್ತಿಗೆ ಪೆಟ್ಟಾಗಿರುವ ಸಂಶಯವಿದ್ದರೆ ತಲೆ ವಾಲಿಸದೆ ದವಡೆಯನ್ನು ಮಾತ್ರ ಮುಂದಕ್ಕೆ ತಳ್ಳುವ ಬೇರೆ ಕ್ರಮವಿದೆ. ಬಾಯೊಳಗೆ ಇಡುವ ಪ್ಲಾಸ್ಟಿಕ್ ನಳಿಗೆಯ ಅಳತೆಯನ್ನು ಬಾಯಿಯ ಮೂಲೆಯಿಂದ ದವಡೆಯ ಕೋನದವರೆಗೆ ಹಿಡಿದು ನೋಡುವುದು, ಮುಖವಾಡವನ್ನು ಗಾಳಿ ಸೋರದಂತೆ ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಿಂದ ಚೀಲ ಹಿಸುಕಿ ಉಸಿರು ಕೊಡುವುದು, ಇವೆಲ್ಲ ಓದಿನಿಂದ ಬರುವ ವಿದ್ಯೆಗಳಲ್ಲ. ಮಣಿಕಟ್ಟು ನೋಯುವ ತನಕ ಮಾಡಿಯೇ ಕಲಿಯಬೇಕು.

ಹೃದಯ ನಿಂತಾಗ ಎದೆಯೊತ್ತುವ ಸಿಪಿಆರ್ ಕ್ರಿಯೆ ಇಡೀ ಶಿಕ್ಷಣದ ಕೇಂದ್ರ. ವಯಸ್ಕರಲ್ಲಿ ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವಿಟ್ಟು, ಮೊಣಕೈ ಬಗ್ಗಿಸದೆ, 5ರಿಂದ 6 ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. 30 ಒತ್ತುಗಳಿಗೆ 2 ಉಸಿರು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ಎಂಥ ಗಟ್ಟಿಗನಾದರೂ ಅಷ್ಟರಲ್ಲಿ ತನಗೆ ತಿಳಿಯದಂತೆಯೇ ಮೇಲೆಮೇಲೆ ಒತ್ತತೊಡಗುತ್ತಾನೆ. ತರಬೇತಿಯ ಗೊಂಬೆಗಳಲ್ಲಿ ಆಳ ಸರಿಯಾದರೆ ಸದ್ದು ಮಾಡುವ ಕಟ್ಟಳೆಯಿರುತ್ತದೆ. ಇಲ್ಲಿ ಹೊಸಬರು ಎಡವುವುದು ಗುರುತಿಸುವುದರಲ್ಲಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ನೀರಿನಿಂದ ತೆಗೆದ ಮೀನಿನಂತೆ ಆಗಾಗ ಬಾಯಿ ತೆರೆದು ಎಳೆಯುತ್ತಾರೆ; ನೋಡಿದವರು ‘ಉಸಿರು ಉಂಟು’ ಎಂದು ಸುಮ್ಮನಿರುತ್ತಾರೆ. ಅದು ಉಸಿರಾಟವಲ್ಲವೆಂದು ತಿಳಿದವನು ಒತ್ತಲು ಆರಂಭಿಸುತ್ತಾನೆ. ವಿದ್ಯುದಾಘಾತ ನೀಡಿ ಹೃದಯದ ಲಯ ಸರಿಪಡಿಸುವ ಯಂತ್ರ ತಲುಪುವವರೆಗೆ ಯಾರೂ ಎದೆಯೊತ್ತದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆಂಬುದು ಈ ಶಾಸ್ತ್ರದಲ್ಲಿ ಚಿರಪರಿಚಿತವಾದ ಲೆಕ್ಕ.

ಇನ್ನು ನಮ್ಮ ನೆಲಕ್ಕೇ ವಿಶೇಷವಾದ ಪ್ರಕರಣಗಳು. ಅಡಿಕೆ, ತೆಂಗಿನ ಮರದಿಂದ ಬಿದ್ದವನನ್ನು ಇಬ್ಬರು ತೋಳು ಕಾಲು ಹಿಡಿದು ಎತ್ತುವುದು ನಮ್ಮಲ್ಲಿ ರೂಢಿ. ಬೆನ್ನೆಲುಬು ಮುರಿದಿದ್ದರೆ ಅದರೊಳಗಣ ನರಹುರಿಗೆ ಆ ಎತ್ತುವಿಕೆಯೇ ಎರಡನೆಯ ಪೆಟ್ಟು. ತಲೆ, ಭುಜ, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ವರು ಒಟ್ಟಿಗೆ ಮರದ ದಿಮ್ಮಿಯಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸುವ ವಿಧಾನವನ್ನು ತರಬೇತಿಯಲ್ಲಿ ನೂರಾರು ಬಾರಿ ಮಾಡಿಸುತ್ತಾರೆ; ತಲೆ ಹಿಡಿದವನೇ ಅಲ್ಲಿ ಯಜಮಾನ, ಅವನು ಎಣಿಸಿದಾಗಲೇ ಉಳಿದವರು ಹೊರಳಿಸಬೇಕು. ಹಾವು ಕಚ್ಚಿದಲ್ಲಿ ಹಗ್ಗ ಬಿಗಿಯುವುದು, ಕೊಯ್ಯುವುದು, ಚೀಪುವುದು ಸರ್ವಥಾ ಕೂಡದು. ಕಚ್ಚಿದ ಅಂಗವನ್ನು ಅಲುಗಾಡದಂತೆ ಮಾಡಿ, ನಡೆಸದೆ, ಬೇಗನೆ ಆಸ್ಪತ್ರೆಗೆ ಒಯ್ಯುವುದಷ್ಟೇ ಚಿಕಿತ್ಸೆ. ಕಟ್ಟುಹಾವು ರಾತ್ರಿ ಮಲಗಿದವನನ್ನು ಕಚ್ಚಿದರೆ ನೋವಾಗಲಿ ಊತವಾಗಲಿ ಅಷ್ಟಾಗಿ ಕಾಣದು. ಬೆಳಗ್ಗೆ ಹೊಟ್ಟೆನೋವು, ಮುಚ್ಚಿಬರುವ ರೆಪ್ಪೆ ಕಂಡರೆ ಸಂಶಯ ಪಡಬೇಕು. ನಮ್ಮ ದೇಶದ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಿಸುತ್ತಾರೆ. ಪಶ್ಚಿಮ ಘಟ್ಟದ ತೋಟಗಳಲ್ಲಿರುವ, ಮೂಗಿನ ತುದಿ ಮೇಲೆದ್ದ ಚಿಕ್ಕ ಮಂಡಲದ ಹಾವಿಗೆ ಅದು ನಾಟುವುದಿಲ್ಲ. ಹಾಗೆಂದು ಹಾವನ್ನು ಹಿಡಿದು ತರುವ ಸಾಹಸ ಬೇಕಿಲ್ಲ. ದೂರದಿಂದ ತೆಗೆದ ಒಂದು ಚಿತ್ರ ಸಾಕು.

ಹೆರಿಗೆಯ ಪಾಠಕ್ಕೆ ತರಬೇತಿಯಲ್ಲಿ ದೊಡ್ಡ ಪಾಲಿದೆ, ಏಕೆಂದರೆ 108ಕ್ಕೆ ಬರುವ ಕರೆಗಳಲ್ಲಿ ಗರ್ಭಿಣಿಯರದು ಅನೇಕ ಕಡೆ ದೊಡ್ಡ ಪಾಲು. ಮಗುವಿನ ತಲೆ ಕಾಣಿಸಿಕೊಂಡರೆ ವಾಹನ ಓಡಿಸುವುದನ್ನು ನಿಲ್ಲಿಸಿ ಬದಿಗೆ ಹಾಕಬೇಕು. ಹುಟ್ಟಿದ ಶಿಶುವನ್ನು ಒರೆಸಿ, ಬೆಚ್ಚಗೆ ತಾಯಿಯ ಎದೆಗೆ ಹಾಕಬೇಕು. ಒರೆಸಿ ಬೆನ್ನು ತಿಕ್ಕಿದರೂ ಉಸಿರಾಡದ ಶಿಶುವಿಗೆ ಮೊದಲ ಒಂದು ನಿಮಿಷದೊಳಗೆ ಪುಟ್ಟ ಚೀಲದಿಂದ ಉಸಿರು ಕೊಡಲು ತೊಡಗಬೇಕು. 108ರಲ್ಲಿ ಚಾಲಕನಿಗೆ ‘ಪೈಲಟ್’ ಎಂದು ಹೆಸರು. ಇಂಥ ಹೊತ್ತಿನಲ್ಲಿ ಆತನೂ ಸಹಾಯಕನೇ. ಅದಕ್ಕಾಗಿ ಅವನಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಇರುತ್ತದೆ.

ಹೃದಯಾಘಾತ, ಪಾರ್ಶ್ವವಾಯು, ಮಧುಮೇಹಿಯ ಸಕ್ಕರೆ ಇಳಿತ, ವಿಷಪ್ರಾಶನ, ಸುಟ್ಟಗಾಯ, ಮೂರ್ಛೆ ಇವುಗಳಿಗೆಲ್ಲ ಪ್ರತ್ಯೇಕ ಪಾಠಗಳಿವೆ. ಸಾಮೂಹಿಕ ಅಪಘಾತದಲ್ಲಿ ಗಾಯಾಳುಗಳಿಗೆ ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟಿ ಯಾರನ್ನು ಮೊದಲು ಒಯ್ಯಬೇಕೆಂದು ನಿರ್ಣಯಿಸುವ ಕಠೋರ ವಿದ್ಯೆಯೂ ಇದೆ. ಗಟ್ಟಿಯಾಗಿ ಅಳುತ್ತಿರುವವನು ಸಾಮಾನ್ಯವಾಗಿ ಕಾಯಬಲ್ಲ. ಮೌನವಾಗಿರುವವನ ಬಳಿಗೆ ಮೊದಲು ಹೋಗು ಎಂಬುದು ಅಲ್ಲಿನ ಅನುಭವದ ಮಾತು.

ಈಗ ನಮ್ಮ ಶಾಲೆಗೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ ಬರೋಣ. ಪ್ಯಾರಾಮೆಡಿಕ್ ಬಳಿ ಪ್ರಯೋಗಾಲಯವಿಲ್ಲ, ಸ್ಕ್ಯಾನ್ ಇಲ್ಲ. ನಾಡಿ, ರಕ್ತದೊತ್ತಡ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ, ಸಕ್ಕರೆ ನೋಡುವ ಚಿಕ್ಕ ಯಂತ್ರ, ದೊಡ್ಡ ವಾಹನವಾದರೆ ಇಸಿಜಿ. ಉಳಿದದ್ದೆಲ್ಲ ಪ್ರಶ್ನೆ ಮತ್ತು ಉತ್ತರ. ಏನಾಯಿತು, ಯಾವಾಗಿನಿಂದ, ಯಾವ ಔಷಧ ಸೇವಿಸುತ್ತಿದ್ದಾರೆ, ಯಾವುದು ಆಗಿಬರುವುದಿಲ್ಲ, ಕೊನೆಯ ಊಟ ಯಾವಾಗ ಎಂದು ಕೇಳಿ ತಿಳಿದೇ ನಿರ್ಧರಿಸಬೇಕು. ಅಂದಮೇಲೆ ಭಾಷೆ ಆತನ ಉಪಕರಣಗಳಲ್ಲೊಂದು. ನಮ್ಮ ಕಾಸರಗೋಡಾದರೋ ಕನ್ನಡ, ಮಲೆಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಕೇಳಿಬರುವ ಸಪ್ತಭಾಷೆಗಳ ನಾಡು.

ತುಳುವ ಅಜ್ಜಿ ‘ತಿಗಲೆ ಬೇನೆ’ ಎಂದರೆ ಎದೆನೋವು. ಆ ಪದ ತಿಳಿಯದವನು ಬೇನೆಯೆಂದಷ್ಟೇ ಬರೆದುಕೊಂಡಾನು. ಮಲೆಯಾಳದಲ್ಲಿ ‘ಶ್ವಾಸಂ ಮುಟ್ಟಲ್’ ಎಂದರೆ ಉಸಿರು ಕಟ್ಟುವುದು. ಘಟ್ಟದ ಮೇಲಿನ ಕನ್ನಡಿಗನಿಗೆ ‘ಮುಟ್ಟು’ ಎಂಬುದು ಬೇರೆಯೇ ಅರ್ಥ ಕೊಡುತ್ತದೆ. ತುಳುವಿನಲ್ಲಿ ‘ಬಂಜಿ’ ಎಂದರೆ ಹೊಟ್ಟೆ, ‘ಬಂಜಿನಾಳ್’ ಎಂದರೆ ಬಸುರಿ. ಕನ್ನಡ ಮಾತ್ರ ಬಲ್ಲವನ ಕಿವಿಗೆ ಅದು ‘ಬಂಜೆ’ ಎಂದು ಕೇಳಿಸಿದರೆ ಅರ್ಥ ಪೂರ್ತಿ ತಿರುಗುಮುರುಗು! ಕನ್ನಡದೊಳಗೂ ತೊಡಕಿಲ್ಲದಿಲ್ಲ. ಎದೆ ಹಿಂಡಿದಂತಾದಾಗ ನಮ್ಮ ಹಿರಿಯರು ‘ಗ್ಯಾಸು’ ಎನ್ನುತ್ತಾರೆ, ‘ಸಂಕಟ’ ಎನ್ನುತ್ತಾರೆ. ಬೆವರಿದ್ದಾರೆಯೆ, ನೋವು ಎಡತೋಳಿಗೋ ದವಡೆಗೋ ಹಬ್ಬಿದೆಯೆ ಎಂದು ಅವರ ಮಾತಿನಲ್ಲಿಯೇ ವಿಚಾರಿಸಿ ತಿಳಿಯಬೇಕು.

ಇದು ಕೇವಲ ಸೌಜನ್ಯದ ಪ್ರಶ್ನೆಯಲ್ಲ, ಅಂಕಗಳ ಪ್ರಶ್ನೆ. ತಲೆಗೆ ಪೆಟ್ಟು ಬಿದ್ದವನ ಪ್ರಜ್ಞೆಯನ್ನು ಅಳೆಯಲು ಜಗತ್ತಿನಾದ್ಯಂತ ಗ್ಲಾಸ್ಗೋ ಮಾಪನ ಎಂಬ ಕ್ರಮವನ್ನು ಬಳಸುತ್ತಾರೆ. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6, ಹೀಗೆ ಒಟ್ಟು 15 ಅಂಕ, ಕನಿಷ್ಠ 3. ಮಾತು ಸರಿಯಾಗಿದ್ದರೆ 5, ಗೊಂದಲದ ಮಾತಾದರೆ 4, ಸಂಬಂಧವಿಲ್ಲದ ಪದಗಳಾದರೆ 3, ಅರ್ಥವಿಲ್ಲದ ಸದ್ದಾದರೆ 2. ಪೈವಳಿಕೆಯ ಕಡೆಯ ಮುದುಕರೊಬ್ಬರು ತುಳುವಿನಲ್ಲಿ ಸ್ಪಷ್ಟವಾಗಿ ‘ನನ್ನ ಮನೆ ಇಲ್ಲಿಯೇ’ ಎಂದು ಹೇಳುತ್ತಿದ್ದರೂ ಕೇಳುವವನಿಗೆ ತುಳು ಬಾರದಿದ್ದರೆ ಆತ ಎಷ್ಟು ಅಂಕ ಕೊಟ್ಟಾನು? ಇಲ್ಲದ ಅಪಾಯವನ್ನು ಬರೆದುಕೊಳ್ಳಬಹುದು. ಅಥವಾ ನಿಜಕ್ಕೂ ಮಾತು ತೊದಲತೊಡಗಿದ್ದನ್ನು ಅನ್ಯಭಾಷೆಯೆಂದು ತಿಳಿದು ಗಮನಿಸದೆ ಬಿಡಬಹುದು. ಪಾರ್ಶ್ವವಾಯುವಿನಲ್ಲಿಯೂ ಹೀಗೆಯೇ: ಮುಖದ ವಾರೆ, ತೋಳಿನ ಸೋಲು, ಮಾತಿನ ತೊದಲು ಎಂಬ ಮೂರು ಗುರುತುಗಳಲ್ಲಿ ಮೂರನೆಯದು ಭಾಷೆ ಬಲ್ಲವನಿಗೆ ಮಾತ್ರ ದಕ್ಕುತ್ತದೆ. ಹೆಪ್ಪು ಕರಗಿಸುವ ಔಷಧವನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದರಿಂದ ಆ ಗುರುತು ತಪ್ಪಿದರೆ ಕಳೆದುಹೋದ ಹೊತ್ತು ಮರಳಿ ಬಾರದು. ಶಾಲೆಯ ಅಂಗಳದಲ್ಲಿ ತುಳು, ತರಗತಿಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ ಎಂದು ಬೆಳೆದ ನಮ್ಮ ಮಕ್ಕಳು ತಮ್ಮ ಈ ಬಹುಭಾಷಾ ಬಾಳನ್ನು ಹೊರೆಯೆಂದು ಭಾವಿಸುವುದುಂಟು. ಈ ವೃತ್ತಿಯಲ್ಲಿ ಅದು ಬೆಲೆ ಕಟ್ಟಲಾಗದ ಬಂಡವಾಳ.

ಗಡಿಯ ಬದುಕಿನಲ್ಲಿ ಇನ್ನೊಂದು ಅಂಶವೂ ಇದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರು. ನಮ್ಮ ರೋಗಿಗಳು ತಲೆಮಾರುಗಳಿಂದ ಅಲ್ಲಿಗೇ ಹೋಗಿ ಬಂದವರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಹಲವರು ಪ್ರಾಣ ಬಿಟ್ಟರೆಂದು ಆಗ ಪತ್ರಿಕೆಗಳು ವರದಿ ಮಾಡಿದ್ದವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ರೋಗಿಗಳಿಗೆ ದಾರಿ ಬಿಡಬೇಕೆಂಬ ಆದೇಶವಿತ್ತಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ರೋಗಿಗಳ ಸಾಗಾಟಕ್ಕೆ ಒಂದು ಕ್ರಮವನ್ನು ಒಪ್ಪಲಾಗಿದೆಯೆಂದು ತಿಳಿಸಿದ ಮೇಲೆ ಏಪ್ರಿಲ್ 7ರಂದು ಅಲ್ಲಿ ಪ್ರಕರಣ ಮುಗಿಯಿತು. ಆ ದಿನಗಳ ಸರಿತಪ್ಪುಗಳ ವಿಚಾರಣೆ ಇಲ್ಲಿನ ಉದ್ದೇಶವಲ್ಲ. ಆಸ್ಪತ್ರೆ ದೂರವಾದಷ್ಟೂ ವಾಹನದೊಳಗಣ ಮನುಷ್ಯನ ಹೊಣೆ ಹೆಚ್ಚುತ್ತದೆಂಬುದನ್ನು ಮಾತ್ರ ಆ ದಿನಗಳು ಗಡಿನಾಡಿಗೆ ಮನಗಾಣಿಸಿದವು. ಆಮ್ಲಜನಕದ ಜಾಡಿ ಎಷ್ಟು ಹೊತ್ತು ಬರುತ್ತದೆಂದು ಲೆಕ್ಕ ಹಾಕುವುದು, ಯಾವ ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆಯೆಂದು ಮುಂಚಿತವಾಗಿ ತಿಳಿದಿರುವುದು, ಒಂದು ವಾಹನದಿಂದ ಇನ್ನೊಂದಕ್ಕೆ ರೋಗಿಯನ್ನು ಒಪ್ಪಿಸುವಾಗ ವಯಸ್ಸು, ಘಟನೆಯ ಹೊತ್ತು, ಗಾಯ, ಮಾಪನಗಳು, ಕೊಟ್ಟ ಚಿಕಿತ್ಸೆ ಎಲ್ಲವನ್ನೂ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವುದು, ಇವೂ ತರಬೇತಿಯ ಅಂಗಗಳೇ.

ವಿದ್ಯಾರ್ಹತೆಯ ವಿಚಾರ. ಪ್ಲಸ್ ಟು ಅಥವಾ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಪದವಿಯ ದಾರಿ ತೆರೆದಿದೆ; ತುರ್ತು ಚಿಕಿತ್ಸಾ ತಂತ್ರಜ್ಞಾನದ ಪದವಿ ಸಾಮಾನ್ಯವಾಗಿ ಮೂರು ವರ್ಷದ ಪಾಠ, ಮೇಲೆ ಆಸ್ಪತ್ರೆಯ ಇಂಟರ್ನ್‌ಶಿಪ್. ಮಂಗಳೂರು, ಮಣಿಪಾಲದ ಕಡೆ ಇಂಥ ಶಿಕ್ಷಣದ ಪರಂಪರೆಯಿದೆ. ಡಿಪ್ಲೊಮಾಗಳೂ ಕೆಲವು ತಿಂಗಳ ಕೌಶಲ ತರಬೇತಿಗಳೂ ಇವೆ. ಅಲ್ಪಾವಧಿಯವು ಕೈಗೆ ಕೆಲಸ ಕೊಡಬಹುದು, ಆದರೆ ಮುಂದಿನ ಬಡ್ತಿಗೆ ಅಡ್ಡಿಯಾಗುತ್ತವೆ. ಬಹುಕಾಲ ಈ ವೃತ್ತಿಗೆ ದೇಶದಲ್ಲಿ ಕಾನೂನಿನ ನೆಲೆಯೇ ಇರಲಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯಿದೆ ಪ್ಯಾರಾಮೆಡಿಕ್ ವೃತ್ತಿಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿ, ಸಹಾಯಕ ವೃತ್ತಿಯವರ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2000 ಗಂಟೆಗಳ ಶಿಕ್ಷಣವನ್ನು ವಿಧಿಸಿತು. ಪಿಟ್ಸ್‌ಬರ್ಗಿನ 300 ಗಂಟೆಗಳಿಂದ ಇಲ್ಲಿಯವರೆಗಿನ ದೂರವನ್ನು ಓದುಗರೇ ಅಳೆಯಬಹುದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತನೆಯ ತರಗತಿ ದಾಟಿದೊಡನೆ ವಿಜ್ಞಾನದ ಪಾಠ ಇಂಗ್ಲಿಷಿಗೆ ಹೊರಳುತ್ತದೆ. ಆ ಮೊದಲ ಆರು ತಿಂಗಳು ದಾಟುವುದೇ ದೊಡ್ಡ ಕಷ್ಟ. ಇಲ್ಲಿ ಪಠ್ಯ ಇಂಗ್ಲಿಷಿನದಾದರೂ ಪರೀಕ್ಷೆಯ ಬಹುಭಾಗ ಕೈಗಳದು: ಗೊಂಬೆಯ ಮುಂದೆ ನಿಲ್ಲಿಸಿ, ಗಡಿಯಾರ ಹಿಡಿದು, ಮಾಡಿ ತೋರಿಸೆನ್ನುತ್ತಾರೆ. ಹಳ್ಳಿಯ ಮಕ್ಕಳು ಇದರಲ್ಲಿ ಹಿಂದೆ ಬೀಳಬೇಕಾಗಿಲ್ಲ.

ಕಷ್ಟಗಳನ್ನು ಮುಚ್ಚಿಟ್ಟು ಹೇಳುವುದು ನ್ಯಾಯವಲ್ಲ. ಹಗಲಿರುಳೆನ್ನದೆ ದೀರ್ಘ ಪಾಳಿ. ಅನೇಕ ಕಡೆ ಗುತ್ತಿಗೆಯ ನೇಮಕ. ದುಡಿಮೆಗೆ ತಕ್ಕ ಸಂಬಳವಿಲ್ಲವೆಂದು ಹಲವು ರಾಜ್ಯಗಳಲ್ಲಿ ನೌಕರರು ಮುಷ್ಕರ ಹೂಡಿದ್ದೂ ಇದೆ. ರೋಗಿ ದಾರಿಯಲ್ಲಿ ತೀರಿಕೊಂಡರೆ ಬಂಧುಗಳ ಸಿಟ್ಟಿಗೆ ಮೊದಲು ಗುರಿಯಾಗುವವನೂ ಈತನೇ. ಬೆನ್ನುನೋವು, ನಿದ್ದೆಗೇಡು ಈ ಕೆಲಸದ ಸಂಗಾತಿಗಳು. ಕೆಲವು ವರ್ಷ ವಾಹನದಲ್ಲಿ ದುಡಿದವರು ಆಸ್ಪತ್ರೆಗಳ ತುರ್ತು ವಿಭಾಗ, ಕರೆ ಸ್ವೀಕರಿಸುವ ಕೇಂದ್ರ, ಕಾರ್ಖಾನೆಗಳ ಸುರಕ್ಷಾ ವಿಭಾಗ, ತರಬೇತಿಯ ಕೆಲಸ ಹೀಗೆ ಹೊರಳಿಕೊಳ್ಳುತ್ತಾರೆ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರೂ ಇದ್ದಾರೆ. ಅಲ್ಲಿ ಆಯಾ ದೇಶದ ಪರವಾನಗಿ ಪರೀಕ್ಷೆ ಪಾಸಾಗಬೇಕು.

ಸೇರಬಯಸುವವರ ಹೆತ್ತವರಿಗೆ ಒಂದೆರಡು ಎಚ್ಚರಿಕೆಗಳು. ‘ಪ್ಯಾರಾಮೆಡಿಕಲ್’ ಎಂಬ ಫಲಕ ಹೊತ್ತ ಎಲ್ಲ ಸಂಸ್ಥೆಗಳಿಗೂ ಮಾನ್ಯತೆ ಇರುವುದಿಲ್ಲ. ಶುಲ್ಕ ಕಟ್ಟುವ ಮೊದಲು ಪ್ರಮಾಣಪತ್ರ ನೀಡುವ ವಿಶ್ವವಿದ್ಯಾನಿಲಯ ಅಥವಾ ಮಂಡಳಿ ಯಾವುದೆಂದು ಲಿಖಿತವಾಗಿ ಕೇಳಿ ಪಡೆಯಬೇಕು. ನಮ್ಮಂಥ ಗಡಿಯವರಿಗೆ ಇನ್ನೊಂದು ಪ್ರಶ್ನೆ: ಕರ್ನಾಟಕದಲ್ಲಿ ಪಡೆದ ಪ್ರಮಾಣಪತ್ರದಿಂದ ಕೇರಳದಲ್ಲಿ ನೋಂದಣಿಯಾಗುವುದೆ, ಅದಕ್ಕೆ ತತ್ಸಮಾನತೆಯ ಪತ್ರ ಬೇಕೆ ಎಂಬುದನ್ನು ಕೇರಳದ ಸಂಬಂಧಪಟ್ಟ ಕೌನ್ಸಿಲಿನಲ್ಲಿ ಮೊದಲೇ ವಿಚಾರಿಸಬೇಕು. ಆ ಸಂಸ್ಥೆಯ ವಿದ್ಯಾರ್ಥಿಗಳು ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಷ್ಟು ಗಂಟೆ ಕೆಲಸ ಮಾಡುತ್ತಾರೆ, ಆಂಬುಲೆನ್ಸಿನಲ್ಲಿ ಎಷ್ಟು ಪಾಳಿ ಹೋಗುತ್ತಾರೆ, ತರಗತಿಯಲ್ಲಿ ಎಷ್ಟು ಜನರಿಗೆ ಒಂದು ಗೊಂಬೆ ಎಂದು ಕೇಳಿದರೆ ಉತ್ತರದಿಂದಲೇ ಅದರ ಯೋಗ್ಯತೆ ತಿಳಿಯುತ್ತದೆ. ಸಾಧ್ಯವಾದರೆ ಅಲ್ಲಿ ಓದಿ ಮುಗಿಸಿ ಈಗ ವಾಹನದಲ್ಲಿ ಕೆಲಸ ಮಾಡುತ್ತಿರುವ ಒಬ್ಬರನ್ನಾದರೂ ಕಂಡು ಮಾತನಾಡಬೇಕು. ಪ್ರವೇಶ ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯ ಫಲಿತಾಂಶದ ಬೆನ್ನಿಗೇ ಆರಂಭವಾಗುವುದರಿಂದ ಈ ವಿಚಾರಣೆಗಳನ್ನು ಪರೀಕ್ಷೆಗೆ ಮುಂಚೆಯೇ ಮುಗಿಸಿಕೊಂಡರೆ ಕೊನೆಯ ಗಳಿಗೆಯಲ್ಲಿ ಮಧ್ಯವರ್ತಿಗಳ ಕೈಗೆ ಬೀಳುವುದು ತಪ್ಪುತ್ತದೆ.